ಹೋಲ್ಡನ್ ಕಾಲ್‌ಫೀಲ್ಡ್‌ಗೆ ದನಿ ಬಂದ ಬಗೆ

ಅಮೆರಿಕದ ಲೇಖಕ ಜೆ. ಡಿ. ಸ್ಯಾಲಿಂಜರ್ ಅವರ ‘ದ ಕ್ಯಾಚರ್ ಇನ್ ದ ರೈ’ ಕಾದಂಬರಿಯನ್ನು ಹದಿಹರೆಯದ ಸಿಟ್ಟಿನ ಕೃತಿಯೆಂದು ಗುರುತಿಸುವುದು ವಾಡಿಕೆ. ಆದರೆ 1951ರ ಜುಲೈನಲ್ಲಿ ಹೊರಬಂದ ಈ ಕೃತಿ ರೂಪುಗೊಂಡ ಹತ್ತು ವರ್ಷಗಳ ಹಾದಿಯನ್ನು ಗಮನಿಸಿದರೆ, ಸಿಟ್ಟಿನ ಕೆಳಗೆ ಹರಿಯುವ ಶೋಕವೇ ಅದರ ಜೀವಾಳವೆಂಬುದು ತಿಳಿಯುತ್ತದೆ. ವಸತಿ ಶಾಲೆಯಿಂದ ಹೊರಹಾಕಿಸಿಕೊಂಡ ಹದಿನಾರರ ಹೋಲ್ಡನ್ ಕಾಲ್‌ಫೀಲ್ಡ್, ಕ್ರಿಸ್‌ಮಸ್ ರಜೆಗೆ ಮುಂಚೆ ಮನೆಗೆ ಹೋಗಲು ಹೆದರಿ ನ್ಯೂಯಾರ್ಕಿನಲ್ಲಿ ಅಲೆಯುವ ಕೆಲವೇ ದಿನಗಳು ಅದರ ಕಥಾವಸ್ತು.

ಈ ಹುಡುಗ ಮೊದಲು ಕಾಣಿಸಿಕೊಂಡದ್ದು ಸಣ್ಣಕಥೆಯೊಂದರಲ್ಲಿ. 1941ರಲ್ಲಿ ಅದನ್ನು ಸ್ವೀಕರಿಸಿದ್ದ ‘ನ್ಯೂಯಾರ್ಕರ್’ ಪತ್ರಿಕೆ, ಆ ವರ್ಷದ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದು ಅಮೆರಿಕ ಯುದ್ಧಕ್ಕಿಳಿದ ಮೇಲೆ ಪ್ರಕಟಣೆಯನ್ನು ಮುಂದೂಡಿತು. ಕಥೆ ಅಚ್ಚಾದದ್ದು 1946ರಲ್ಲಿ. ಅದು ಪ್ರಥಮ ಪುರುಷದಲ್ಲಿ, ಎಂದರೆ ‘ಅವನು’ ಎಂಬ ನಿರೂಪಣೆಯಲ್ಲಿ ಸಾಗುವುದರಿಂದ, ಅಲ್ಲಿಯ ಹೋಲ್ಡನ್‌ನನ್ನು ಓದುಗರು ತುಸು ದೂರದಿಂದ ನೋಡುತ್ತಾರೆಯೇ ಹೊರತು ಅವನ ಸಂಕಟದೊಳಗೆ ಇಳಿಯುವುದಿಲ್ಲ.

ಆ ದೂರವನ್ನು ಅಳಿಸಿದ್ದು ಯುದ್ಧ ಎನ್ನಬೇಕು. 1942ರಲ್ಲಿ ಸೇನೆಗೆ ಸೇರಿದ ಸ್ಯಾಲಿಂಜರ್, 1944ರ ಜೂನ್ 6ರಂದು ನಾರ್ಮಂಡಿಯ ಯೂಟಾ ತೀರದಲ್ಲಿ ಇಳಿದು, ಜರ್ಮನಿಯ ಹರ್ಟ್‌ಗೆನ್ ಕಾಡಿನ ಭೀಕರ ಕಾಳಗವನ್ನೂ ಕಂಡು, ಯುದ್ಧ ಮುಗಿದ ವರ್ಷ ಮಾನಸಿಕವಾಗಿ ಜರ್ಜರಿತರಾಗಿ ನ್ಯೂರೆಂಬರ್ಗಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರು. ಅಷ್ಟರ ನಡುವೆಯೂ ಹೋಲ್ಡನ್‌ನ ಕಥೆಯ ಹಾಳೆಗಳು ಅವರ ಜೊತೆಗಿದ್ದವು. ಆ ಕಾಲದ ಎರಡು ಕಥೆಗಳಲ್ಲಿ ಹೋಲ್ಡನ್ ರಣರಂಗದಲ್ಲಿ ಕಾಣೆಯಾದ ಯೋಧ. ಅವನಿಗಾಗಿ ಹಂಬಲಿಸುವವನು ಅವನ ಅಣ್ಣ. 1945ರ ಡಿಸೆಂಬರಿನಲ್ಲಿ ‘ಕಾಲಿಯರ್ಸ್’ ಪತ್ರಿಕೆಯಲ್ಲಿ ಬಂದ ಕಥೆಯಲ್ಲಿ ಅವನು ಮತ್ತೆ ಶಾಲಾ ಹುಡುಗನಾಗಿ, ಈ ಬಾರಿ ‘ನಾನು’ ಎಂದೇ ಮಾತಾಡುತ್ತಾನೆ. ವ್ಯಾಕರಣದಲ್ಲಿ ಉತ್ತಮ ಪುರುಷವೆನ್ನುವ ಈ ನಿರೂಪಣೆಯೇ ಕಾದಂಬರಿಯ ಉಸಿರಾಯಿತು.

ಕಾದಂಬರಿಯಲ್ಲಿ ಯುದ್ಧ ಹಿನ್ನೆಲೆಗೆ ಸರಿದಿದೆ, ಸಾವು ಸರಿದಿಲ್ಲ. ಇಲ್ಲಿ ಇಲ್ಲವಾದವನು ಹೋಲ್ಡನ್ ಅಲ್ಲ, ರಕ್ತದ ಕ್ಯಾನ್ಸರಿಗೆ ತುತ್ತಾದ ಅವನ ತಮ್ಮ ಆಲಿ. ಅವನು ಹಸಿರು ಶಾಯಿಯಲ್ಲಿ ಕವಿತೆಗಳನ್ನು ಬರೆದಿಟ್ಟಿದ್ದ ಬೇಸ್‌ಬಾಲ್ ಕೈಗವಸನ್ನು ಹೋಲ್ಡನ್ ಜೋಪಾನವಾಗಿ ಕಾಯ್ದುಕೊಂಡಿದ್ದಾನೆ. ಹಿಂದೆ ಹೋಲ್ಡನ್‌ಗಾಗಿ ಅಣ್ಣ ಪಟ್ಟ ನೋವನ್ನು ಲೇಖಕರು ಈಗ ಬದುಕುಳಿದ ಹೋಲ್ಡನ್‌ನ ಎದೆಗೇ ಹಾಕಿದ್ದಾರೆ. ಶೀರ್ಷಿಕೆಯೂ ಇದನ್ನೇ ಸೂಚಿಸುತ್ತದೆ: ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಅವರ ಹಾಡೊಂದನ್ನು ತಪ್ಪಾಗಿ ನೆನಪಿಟ್ಟುಕೊಂಡು, ‘ಭೇಟಿಯಾಗು’ ಎಂಬಲ್ಲಿ ‘ಹಿಡಿ’ ಎಂದು ತಿಳಿದ ಹುಡುಗ, ರೈ ಎಂಬ ಧಾನ್ಯದ ಹೊಲದಲ್ಲಿ ಆಡುತ್ತಾ ಪ್ರಪಾತದ ಅಂಚಿಗೆ ಓಡಿಬರುವ ಮಕ್ಕಳನ್ನು ಹಿಡಿದುಳಿಸುವವನಾಗಬೇಕೆಂದು ಬಯಸುತ್ತಾನೆ. ತಮ್ಮನನ್ನು ಹಿಡಿದುಳಿಸಲಾಗದವನ ಬಯಕೆ ಅದು. ಕೊಳ ಹೆಪ್ಪುಗಟ್ಟಿದಾಗ ಸೆಂಟ್ರಲ್ ಪಾರ್ಕಿನ ಬಾತುಕೋಳಿಗಳು ಎಲ್ಲಿಗೆ ಹೋಗುತ್ತವೆಂದು ಅವನು ಟ್ಯಾಕ್ಸಿ ಚಾಲಕರನ್ನು ಕೇಳುವುದೂ ಇದೇ ಆತಂಕದಿಂದ.

ದೊಡ್ಡವರ ಸೋಗಿಗೆ ಅವನು ಮತ್ತೆ ಮತ್ತೆ ಬಳಸುವ ‘ಫೋನಿ’ ಎಂಬ ಪದ, ಎಂದರೆ ಹುಸಿ, ಕಪಟಿ ಎಂಬ ಬೈಗುಳ, ಕೃತಿಯ ಗುರುತಾಗಿಬಿಟ್ಟಿದೆ. ತಾನೂ ಸುಳ್ಳುಗಾರನೆಂದು ಒಪ್ಪಿಕೊಳ್ಳುವ ಹುಡುಗನ ದೂರುಗಳನ್ನಷ್ಟೇ ಕೇಳಿದವರಿಗೆ ಅವನು ಬೇಸರ ತರಿಸಿದರೆ ಆಶ್ಚರ್ಯವಿಲ್ಲ; ಆದರೆ ಹೇಳಲಾಗದ ದುಃಖಕ್ಕೆ ಗೊಣಗಾಟವೇ ಮರೆಯಾಗುವುದನ್ನು ಇಷ್ಟು ನಿಷ್ಠೆಯಿಂದ ಕೇಳಿಸಿದ ಕಾದಂಬರಿಗಳು ವಿರಳ, ತಲೆಮಾರು ಬದಲಾದರೂ ಹೊಸ ಓದುಗರು ಅದಕ್ಕೆ ಕಿವಿಗೊಡುತ್ತಿರುವುದೂ ಅದಕ್ಕಾಗಿಯೇ.

ಅಸಭ್ಯ ಭಾಷೆಯ ಕಾರಣಕ್ಕೆ ಹಲವು ಶಾಲೆಗಳು ಕೃತಿಯನ್ನು ನಿಷೇಧಿಸಿದರೆ ಇನ್ನು ಹಲವು ಅದನ್ನು ಪಠ್ಯವಾಗಿಸಿದವು, ಈವರೆಗೆ 6.5 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ ಎಂಬ ಅಂದಾಜಿದೆ. 1965ರ ನಂತರ ಹೊಸ ಕಥೆಯೊಂದನ್ನೂ ಪ್ರಕಟಿಸದ ಸ್ಯಾಲಿಂಜರ್, ಸಿನಿಮಾ ಮಾಡಲು ಮುಂದೆ ಬಂದವರನ್ನೆಲ್ಲ ನಿರಾಕರಿಸಿ 2010ರ ಜನವರಿಯಲ್ಲಿ ತೀರಿಕೊಂಡರು. ಹೋಲ್ಡನ್‌ನ ದನಿ ಪುಸ್ತಕದ ಪುಟಗಳಲ್ಲೇ ಉಳಿದಿದೆ.