ಚಳಿಯ ಕೈಗುಣ

ಬೇಸಿಗೆ ಮುಗಿಯುವ ಹೊತ್ತಿಗೆ ಡ್ಯಾಫಡಿಲ್ ಗೆಡ್ಡೆಯೊಂದನ್ನು ಮಣ್ಣಿನಿಂದ ಕಿತ್ತು, ನೆತ್ತಿಯಿಂದ ಬುಡದವರೆಗೆ ಸೀಳಿ ನೋಡಬೇಕು. (ಅಡುಗೆಮನೆಯ ಚಾಕು ಬೇಡ, ಗೆಡ್ಡೆ ವಿಷ.) ಈರುಳ್ಳಿಯಂಥವೇ ಪದರಗಳು, ಪದರದೊಳಗೆ ಪದರ, ಎಲ್ಲಕ್ಕಿಂತ ಒಳಗೆ, ಭೂತಗನ್ನಡಿ ಹಿಡಿದರೆ ಕಾಣುವ ಒಂದು ಹೂವು! ಎಸಳು, ಕೇಸರ, ಅಂಡಾಶಯ, ಎಲ್ಲವೂ ಆಗಲೇ ತಯಾರಾಗಿ ಕೂತಿವೆ. ಅರಳುವುದು ಮಾತ್ರ ಮುಂದಿನ ಫೆಬ್ರವರಿ ಕೊನೆಗೋ ಮಾರ್ಚಿಗೋ. ಅಲ್ಲಿಯವರೆಗೆ ಅದು ಯಾರ ದಾರಿ ಕಾಯುತ್ತದೆ? ಸೂರ್ಯನದು ಅಂದುಕೊಳ್ಳುತ್ತೇವೆ. ಅಲ್ಲ, ಚಳಿಯದು! ವಾರಗಟ್ಟಲೆ ತಣ್ಣನೆಯ ಮಣ್ಣಿನಲ್ಲಿ ಮಲಗದಿದ್ದರೆ ಆ ಹೂವಿನ ದಂಟು ನೆಟ್ಟಗೆ ಮೇಲೇಳುವುದೇ ಇಲ್ಲ.

ಇಷ್ಟು ತಿಳಿದ ಮೇಲೆ ವೇಲ್ಸ್‌ನ ಹಳ್ಳಿಗಾಡಿನ ಫೆಬ್ರವರಿಯನ್ನು ಹಳೆಯ ಕಣ್ಣಿನಿಂದ ನೋಡಲು ಆಗುವುದಿಲ್ಲ. ಮೇಲುನೋಟಕ್ಕೆ ಅಲ್ಲಿರುವುದು ಮಳೆ, ಕೆಸರು, ಗಮ್‌ಬೂಟು, ಮತ್ತೆ ಮಳೆ. ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಫೆಬ್ರವರಿಯ ನಡುವಿಗೆ ಅದು ಹತ್ತು ಗಂಟೆ ಮುಟ್ಟುತ್ತದೆ, ಆಮೇಲೆ ದಿನಕ್ಕೆ ನಾಲ್ಕು ನಿಮಿಷದಂತೆ ಹಿಗ್ಗುತ್ತಾ ಹೋಗುತ್ತದೆ. ನಾಲ್ಕು ನಿಮಿಷ! ವಾರಕ್ಕೆ ಅರ್ಧ ಗಂಟೆ ಹಗಲು ಪುಕ್ಕಟೆ. ಹಿತ್ತಲಿನಲ್ಲಿ ಸಲಿಕೆ ಮಣ್ಣಿಗಿಳಿದದ್ದೇ ತಡ, ಕೆಂಪೆದೆಯ ರಾಬಿನ್ ಹಕ್ಕಿ ಎರೆಹುಳುವಿನ ಆಸೆಗೆ ಕೈಯಳತೆಯಲ್ಲೇ ಬಂದು ಕೂರುತ್ತದೆ. ಹೊಂಡಗಳಲ್ಲಿ ಕಪ್ಪೆಗಳು ಮೊಟ್ಟೆಯಿಟ್ಟಿವೆ. ಕೊಟ್ಟಿಗೆಯಲ್ಲಿ ಕುರಿಗಳು ಮರಿ ಹಾಕುವ ಕಾಲ, ಕುರಿ ಸಾಕಿದವರ ಮನೆಯಲ್ಲಿ ರಾತ್ರಿಯಿಡೀ ಯಾರಾದರೊಬ್ಬರು ಎದ್ದೇ ಇರುತ್ತಾರೆ. ಸುಮಾರು 31 ಲಕ್ಷ ಜನರಿರುವ ಈ ನಾಡಿನಲ್ಲಿ ಕುರಿಗಳು ಅದರ ಎರಡು ಪಟ್ಟಿಗಿಂತಲೂ ಹೆಚ್ಚು!

ಕಿಟಕಿಯ ಅಂಚಿನಲ್ಲಿ ಮೊಟ್ಟೆಯ ಟ್ರೇ, ಅದರ ಗುಳಿಗೊಂದರಂತೆ ಬಿತ್ತನೆಯ ಆಲೂಗಡ್ಡೆ, ಹೆಚ್ಚು ಕಣ್ಣಿರುವ ತುದಿ ಮೇಲಕ್ಕೆ. ಹತ್ತಿರ ಬಗ್ಗಿ ನೋಡಿದರೆ ಪ್ರತಿ ಕಣ್ಣಿನಿಂದಲೂ ಒಂದು ಗಿಡ್ಡ, ದಪ್ಪ, ನೇರಳೆ ಮಿಶ್ರಿತ ಹಸಿರಿನ ಮೊಳಕೆ. ಅದೇ ಗೆಡ್ಡೆಯನ್ನು ಬೆಚ್ಚಗಿನ ಕತ್ತಲೆಯಲ್ಲಿಟ್ಟರೆ ಬೆಳಕು ಹುಡುಕುತ್ತಾ ಬಿಳಿಚಿಕೊಂಡ ಉದ್ದುದ್ದ ಎಳೆಗಳು, ಮುಟ್ಟಿದರೆ ಮುರಿಯುತ್ತವೆ. ತಣ್ಣಗಿನ ಬೆಳಕಿನಲ್ಲಿ ಮಾತ್ರ ಈ ಗಟ್ಟಿತನ. ಇನ್ನು ಹೊರಗೆ ಮಣ್ಣಿನಲ್ಲೇ ಚಳಿಗಾಲ ಕಳೆದ ಪಾರ್ಸ್‌ನಿಪ್ ಗೆಡ್ಡೆಯ ರುಚಿ! ಹಿಮ ಬಿದ್ದಂತೆಲ್ಲ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಜೀವಕೋಶಗಳು ಹೆಪ್ಪುಗಟ್ಟದಿರಲೆಂದು ಗಿಡ ತನಗಾಗಿ ಮಾಡಿಕೊಂಡ ಏರ್ಪಾಡು, ಸವಿಯುವವರು ನಾವು. ಪಕ್ಕದ ಸಾಲಿನಿಂದ ಲೀಕ್ ಸೊಪ್ಪನ್ನು ಕಿತ್ತು, ಕುರಿಮಾಂಸ, ಆಲೂಗಡ್ಡೆಯ ಜೊತೆ ಬೇಯಿಸಿದರೆ ಕೌಲ್ ಎಂಬ ಸಾರು. ಅದು ಮಾಡಿದ ದಿನಕ್ಕಿಂತ ಮಾರನೆಯ ದಿನ ಬಲು ರುಚಿ ಎನ್ನುತ್ತಾರೆ ಅಲ್ಲಿಯವರು.

ಆದರೆ ಮೂಗಿನ ಮೇಲೆ ಬೆರಳಿಡಬೇಕಾದದ್ದು ಬೇಲಿಯ ಮುಂದೆ. ಹಾಥಾರ್ನ್, ಹೇಜಲ್ ಗಿಡಗಳ ಜೀವಂತ ಬೇಲಿ ಅದು, ಕೆಲವು ವರ್ಷಗಳಲ್ಲಿ ಎತ್ತರಕ್ಕೆ ಬೆಳೆದು ಬುಡ ಖಾಲಿಯಾಗಿ ಕುರಿಗಳು ನುಸುಳತೊಡಗುತ್ತವೆ. ಆಗ ರೈತ ಮಚ್ಚು ಹಿಡಿದು, ತೋಳುಗಾತ್ರದ ಕಾಂಡವನ್ನು ಬುಡದಲ್ಲಿ ಓರೆಯಾಗಿ ಕಡಿಯುತ್ತಾನೆ. ಕಡಿದೇ ಬಿಟ್ಟ, ಸತ್ತೇ ಹೋಯಿತು ಅನ್ನುವಷ್ಟರಲ್ಲಿ ಕೈ ನಿಲ್ಲುತ್ತದೆ. ಉಳಿದಿರುವುದು ತೊಗಟೆಯೂ ಅದಕ್ಕಂಟಿದ ತೆಳು ಮರವೂ ಸೇರಿದ ಒಂದು ಪಟ್ಟಿ, ಅಷ್ಟೇ. ಆ ಪಟ್ಟಿಯ ಮೇಲೆ ಇಡೀ ಗಿಡವನ್ನು ಮೆಲ್ಲಗೆ ಬಗ್ಗಿಸಿ, ಗೂಟಗಳ ನಡುವೆ ಹೆಣೆಯುತ್ತಾರೆ. ವಸಂತದಲ್ಲಿ ಆ ಮಲಗಿದ ಕಾಂಡದ ಉದ್ದಕ್ಕೂ ಚಿಗುರು! ಕಡಿದ ಬುಡದಿಂದಲೂ ಚಿಗುರು! ಗಿಡ ಎಲೆಯುದುರಿಸಿ ನಿಂತಿರುವ ಚಳಿಯಲ್ಲೇ ಈ ಕೆಲಸ ಆಗಬೇಕು, ಹಕ್ಕಿಗಳು ಗೂಡು ಕಟ್ಟುವ ಮೊದಲೇ ಮುಗಿಯಲೂ ಬೇಕು.

ಈಗ ಮತ್ತೆ ಡ್ಯಾಫಡಿಲ್‌ಗೆ ಬನ್ನಿ, ನಿಜವಾದ ಬೆರಗು ಇರುವುದು ವೇಲ್ಸ್‌ನ ಪೊವಿಸ್ ಸೀಮೆಯ ಬ್ಲ್ಯಾಕ್ ಮೌಂಟನ್ಸ್ ಬೆಟ್ಟಗಳಲ್ಲಿ. ಕತೆ ಶುರುವಾಗುವುದು ಮಾತ್ರ ಬೇರೆಡೆ. 1950ರ ದಶಕದಲ್ಲಿ ಸೋವಿಯತ್ ವಿಜ್ಞಾನಿಗಳು ಸ್ನೋಡ್ರಾಪ್ ಎಂಬ ಪುಟ್ಟ ಬಿಳಿ ಹೂವಿನ ಗೆಡ್ಡೆಯಿಂದ ಗ್ಯಾಲಂಟಮೈನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಬಲ್ಗೇರಿಯಾದವರು ಅದನ್ನು ಔಷಧವಾಗಿಸಿದರು. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಮಿದುಳಿನಲ್ಲಿ ಬೇಗ ಒಡೆದುಹೋಗದಂತೆ ತಡೆಯುವುದು ಇದರ ಕೆಲಸ. 2001ರಲ್ಲಿ ಅಮೆರಿಕವೂ ಇದನ್ನು ಅಲ್ಜೈಮರ್ ರೋಗಿಗಳಿಗೆ ಕೊಡಲು ಒಪ್ಪಿತು. ರೋಗ ವಾಸಿಯಾಗುವುದಿಲ್ಲ, ಮರೆವಿನ ವೇಗ ಕೆಲವರಲ್ಲಿ ಕೆಲಕಾಲ ತಗ್ಗುತ್ತದೆ. ಆ ಕೆಲಕಾಲದ ಬೆಲೆ ಮನೆಯಲ್ಲಿ ಅಂಥವರಿರುವವರಿಗೆ ಗೊತ್ತು. ಸ್ನೋಡ್ರಾಪ್‌ನ ಕುಟುಂಬಕ್ಕೇ ಸೇರಿದ ಡ್ಯಾಫಡಿಲ್‌ನಲ್ಲೂ ಈ ಪದಾರ್ಥವಿದೆ. ಎತ್ತರದ ಬೆಟ್ಟದಲ್ಲಿ, ಚಳಿಗೆ ಗಾಳಿಗೆ ಒಡ್ಡಿಕೊಂಡು ಬೆಳೆದ ಗಿಡದಲ್ಲಿ ಅದು ಇನ್ನಷ್ಟು ಹೆಚ್ಚು ಎನ್ನುತ್ತಾರೆ ಅಲ್ಲಿನ ಬೆಳೆಗಾರರು. ಗಿಡಕ್ಕೆ ಕಷ್ಟ, ನಮಗೆ ಮದ್ದು!

ಬೆಟ್ಟದಲ್ಲಿ ಮದ್ದಿಗಾಗಿ ಡ್ಯಾಫಡಿಲ್ ಬೆಳೆಯುವ ಈ ಕೆಲಸದಲ್ಲಿ ಅಬರಿಸ್ಟ್‌ವಿತ್ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಕೈಜೋಡಿಸಿದ್ದಾರೆ. ಗೆಡ್ಡೆಗಳನ್ನು ನೆಡುವುದು ಕುರಿಗಳ ಹುಲ್ಲುಗಾವಲಿನಲ್ಲೇ, ಹುಲ್ಲಿನ ನಡುವೆಯೇ. ಕುರಿಗಳು ಹುಲ್ಲನ್ನಷ್ಟೇ ಮೇಯ್ದು ವಿಷದ ಗಿಡವನ್ನು ಹಾಗೆಯೇ ಬಿಡುತ್ತವೆ. ಎಲ್ಲಕ್ಕಿಂತ ವಿಚಿತ್ರ ಇಲ್ಲಿದೆ: ಮಾರ್ಚ್ 1, ವೇಲ್ಸ್ ನಾಡಿನ ಸಂತ ಡೇವಿಡ್ ದಿನ, ನಾಡಿಗೆ ನಾಡೇ ಅಂಗಿಗೆ ಡ್ಯಾಫಡಿಲ್ ಸಿಕ್ಕಿಸಿಕೊಂಡು ಮೆರೆಯುವ ಕಾಲದಲ್ಲಿ, ಈ ಬೆಟ್ಟದ ಬೆಳೆಗಾರನಿಗೆ ಹೂವೇ ಬೇಡ! ಅವನಿಗೆ ಬೇಕಾದದ್ದು ಹಸಿರು ಎಲೆ, ದಂಟು. ಮೊಗ್ಗು ಬಿರಿಯುವ ಮೊದಲೇ ಯಂತ್ರ ಹರಿದು ಅವನ್ನು ಕತ್ತರಿಸಿ ಒಯ್ಯುತ್ತದೆ. ಗೆಡ್ಡೆ ಮಣ್ಣಿನಲ್ಲೇ ಉಳಿಯುತ್ತದೆ, ಮುಂದಿನ ಬೆಳೆಗೆ. ಒಂದೇ ಗಾವಲಿನಲ್ಲಿ ಉಣ್ಣೆ, ಮಾಂಸ, ಮೇಲೆ ಮರೆವಿನ ಮದ್ದು, ಮತ್ತು ಇದಕ್ಕಾಗಿ ರೈತ ಒಂದು ಕುರಿಯನ್ನೂ ಮಾರಬೇಕಾಗಿಲ್ಲ.