ಮೆಟ್ಟಿಲ ಮೂಲೆಯಲ್ಲಿ ಕೂತ ಧೂಳು

ಪೊರಕೆಗೆ ಬಗ್ಗದ ಜಾಗ ಮೂಲೆ. ಅದರಲ್ಲೂ ಕಾರ್ಪೆಟ್ ಹಾಸಿದ ಮೆಟ್ಟಿಲಿನ ಮೂಲೆ. 19ನೇ ಶತಮಾನದ ಕೊನೆಗೆ ಇಂಗ್ಲೆಂಡ್, ಅಮೆರಿಕದ ಮನೆಗಳಲ್ಲಿ ಇದಕ್ಕೊಂದು ಚೆಂದದ ಉಪಾಯ ಬಂತು. ಪ್ರತಿ ಮೆಟ್ಟಿಲಿನ ಎರಡೂ ಮೂಲೆಗೆ ತ್ರಿಕೋನದ ಪುಟ್ಟ ಹಿತ್ತಾಳೆ ತಗಡು ಹೊಡೆದುಬಿಡುವುದು. ಮೂಲೆಯೇ ಇಲ್ಲವೆಂದ ಮೇಲೆ ಧೂಳು ಕೂರುವುದೆಲ್ಲಿ?

ಕಾರ್ಪೆಟ್ಟಿನ ಪಾಡು ಮಾತ್ರ ಬೇರೆ. ಹಿತ್ತಾಳೆ ಸರಳಿನಲ್ಲಿ ಬಿಗಿದ ಆ ಪಟ್ಟಿಯನ್ನು ಕೆಲಸದ ಹೆಂಗಸರು ಮೊಣಕಾಲೂರಿ, ಮೇಲಿನ ಮೆಟ್ಟಿಲಿಂದ ಒಂದೊಂದಾಗಿ ಕೆಳಗಿಳಿಯುತ್ತ ಕೈಬ್ರಷ್ಷಿನಲ್ಲಿ ಉಜ್ಜಬೇಕಿತ್ತು. ಧೂಳು ಏಳದಿರಲೆಂದು ಕುದಿಸಿ ಸೋಸಿದ ಚಹಾಪುಡಿಯನ್ನು ಒದ್ದೆಯಿರುವಾಗಲೇ ಕಾರ್ಪೆಟ್ ಮೇಲೆ ಚೆಲ್ಲಿ ಗುಡಿಸುತ್ತಿದ್ದರು. ಆಗಾಗ ಪಟ್ಟಿಯನ್ನು ನಾಲ್ಕು ಬೆರಳು ಮೇಲಕ್ಕೋ ಕೆಳಕ್ಕೋ ಸರಿಸುತ್ತಿದ್ದರು. ಇಲ್ಲದಿದ್ದರೆ ಮೆಟ್ಟಿಲಿನ ಅಂಚಿಗೆ ಬರುವ ಭಾಗವೊಂದೇ ಸವೆದು ನೂಲು ಬಿಡುತ್ತಿತ್ತು. ವರ್ಷಕ್ಕೊಮ್ಮೆ ಹಿತ್ತಲಿನ ಹಗ್ಗಕ್ಕೆ ಹಾಕಿ ಬೆತ್ತದ ಬಡಿಗೆಯಿಂದ ಏಟು.

1876ರಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ಮೆಲ್ವಿಲ್ ಬಿಸೆಲ್ ಉರುಳುವ ಬ್ರಷ್ಷಿನ ಕಾರ್ಪೆಟ್ ಸ್ವೀಪರ್‌ಗೆ ಪೇಟೆಂಟ್ ಪಡೆದ. ಅವನ ಪಿಂಗಾಣಿ ಅಂಗಡಿಯ ಕಾರ್ಪೆಟ್ಟಿಗೆ ಪ್ಯಾಕಿಂಗಿನ ಮರದ ಹೊಟ್ಟು ಮೆತ್ತಿಕೊಳ್ಳುತ್ತಿತ್ತಂತೆ. 1889ರಲ್ಲಿ ಅವನು ತೀರಿಕೊಂಡ ಮೇಲೆ ಕಂಪನಿಯನ್ನು ಬೆಳೆಸಿದ್ದು ಹೆಂಡತಿ ಅನ್ನಾ. ಆದರೆ ಈ ಯಂತ್ರದಲ್ಲಿ ಚಕ್ರ ಉರುಳಿದರಷ್ಟೇ ಬ್ರಷ್ ತಿರುಗುವುದು. ಒಂದಡಿಯೂ ಅಗಲವಿಲ್ಲದ ಮೆಟ್ಟಿಲಲ್ಲಿ ಉರುಳುವುದೆಲ್ಲಿಗೆ? ಸೋಫಾದ ಮಾತಂತೂ ಬೇಡ.

ತಮಾಷೆಯೆಂದರೆ, ಮುಂದಿನ ಯಂತ್ರ ಹೊಳೆದದ್ದೇ ಕುರ್ಚಿಯ ಮೆತ್ತೆಯಿಂದ. ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ಗಾಳಿ ಊದಿ ಧೂಳು ಹಾರಿಸುವ ಯಂತ್ರವೊಂದನ್ನು ನೋಡಿ, ಊದುವ ಬದಲು ಹೀರಬಾರದೇಕೆ ಎಂದು ಕೇಳಿದ. ಆಮೇಲೆ ವಿಕ್ಟೋರಿಯಾ ಸ್ಟ್ರೀಟಿನ ರೆಸ್ಟೋರೆಂಟಿನಲ್ಲಿ ಮೆತ್ತನೆಯ ಕುರ್ಚಿಗೆ ಬಾಯಿಟ್ಟು ಜೋರಾಗಿ ಎಳೆದ. ಉಸಿರುಗಟ್ಟಿ ಕೆಮ್ಮಿದರೂ ಗೆದ್ದ. ನಡುವೆ ಕರವಸ್ತ್ರ ಇಟ್ಟಿದ್ದ, ಅದು ಕಪ್ಪಾಯಿತು ಎಂದೂ ಕಥೆಯಿದೆ. ಅವನ ಯಂತ್ರ ಕುದುರೆಗಾಡಿಯ ಮೇಲೆ ಬಂದು ಬೀದಿಯಲ್ಲಿ ನಿಲ್ಲುತ್ತಿತ್ತು, ಪೆಟ್ರೋಲ್ ಎಂಜಿನ್ ಗುಡುಗುತ್ತಿತ್ತು, ಉದ್ದದ ಪೈಪುಗಳು ಕಿಟಕಿಯೊಳಗೆ ನುಗ್ಗುತ್ತಿದ್ದವು. 1902ರ ಬ್ರಿಟಿಷ್ ರಾಜನ ಪಟ್ಟಾಭಿಷೇಕಕ್ಕೆ ಮುಂಚೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಕಾರ್ಪೆಟ್ಟುಗಳಿಂದ ಧೂಳು ಹೀರಿದ್ದೂ ಇದೇ.

ಯಂತ್ರ ಮನೆಯೊಳಗೆ ಕಾಲಿಟ್ಟಿದ್ದು ಒಹಾಯೊದ ಕ್ಯಾಂಟನ್ನಿನ ಜೇಮ್ಸ್ ಸ್ಪ್ಯಾಂಗ್ಲರ್‌ನಿಂದ. ಅಂಗಡಿಯೊಂದರ ಜಾಡಮಾಲಿಯಾಗಿದ್ದ ಅವನಿಗೆ ಉಬ್ಬಸ. ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಕೂಡಿಸಿ ಕಟ್ಟಿದ ಯಂತ್ರಕ್ಕೆ 1908ರಲ್ಲಿ ಪೇಟೆಂಟ್ ಸಿಕ್ಕಿತು, ಅದನ್ನು ಹೂವರ್ ಎಂಬ ಉದ್ಯಮಿ ಕೊಂಡ. ನೆಟ್ಟಗೆ ನಿಲ್ಲುವ ಈ ಬಗೆಯ ಯಂತ್ರವನ್ನು ಮೆಟ್ಟಿಲಿನ ಮೇಲೆ ಒಂದು ಕೈಯಲ್ಲಿ ಎತ್ತಿ ಹಿಡಿಯಬೇಕು. ನನ್ನ ಮಟ್ಟಿಗೆ ನಿಜವಾದ ತಿರುವು 1921ರ ಎಲೆಕ್ಟ್ರೋಲಕ್ಸ್ ಮಾಡೆಲ್ ವಿ. ಅದರ ದೇಹ ಜಾರುಪಟ್ಟಿಯ ಮೇಲೆ ನೆಲದಲ್ಲೇ ಉಳಿಯುತ್ತದೆ, ಪೈಪಿನ ಬಾಯಿ ಮಾತ್ರ ಮೇಲೆ ಹೋಗುತ್ತದೆ.

ಆ ಬಾಯಿಗೆ ಏನು ತೊಡಿಸಬೇಕೆಂಬುದೇ ಕಸುಬು. ಮೆಟ್ಟಿಲಿಗೆ ಮೊದಲು ಚಪ್ಪಟೆ ಮೂತಿ: ತುಳಿಯುವ ಹಲಗೆಯೂ ನಿಂತ ಹಲಗೆಯೂ ಕೂಡುವ ಸಂದಿಯಲ್ಲಿ ಮರಳು ಅಡಗಿರುತ್ತದೆ. ಎಳೆಗಳನ್ನು ಬುಡದಲ್ಲಿ ಕೊಯ್ಯುವುದು ಆ ಮರಳೇ. ಆಮೇಲೆ ಅಗಲ ಮೂತಿ. ಯಾವಾಗಲೂ ಮೇಲಿನಿಂದ ಕೆಳಕ್ಕೆ.

ನಮ್ಮಲ್ಲಿ ಈ ಪೈಪನ್ನು ಪರಿಚಯಿಸಿದ್ದು, 1982ರಲ್ಲಿ ಎಲೆಕ್ಟ್ರೋಲಕ್ಸ್ ಸಹಭಾಗಿತ್ವದಲ್ಲಿ ಹುಟ್ಟಿದ ಯುರೇಕಾ ಫೋರ್ಬ್ಸಿನ ಟೈ ಕಟ್ಟಿದ ಹುಡುಗರು. ನಮ್ಮ ಮನೆಗಳಲ್ಲಿ ಕಾರ್ಪೆಟ್ ಮೆಟ್ಟಿಲು ಅಪರೂಪ, ಹಾಗಾಗಿ ಅವರ ಪ್ರಯೋಗವೆಲ್ಲ ಸೋಫಾ, ಹಾಸಿಗೆಯ ಮೇಲೆ.

ಸೋಫಾ ತೊಳೆಯುವುದು ಇನ್ನೂ ನಾಜೂಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಬರುವವರು ಮೊದಲು ಒಣಧೂಳು ಎಳೆದು, ಶಾಂಪೂ ನೊರೆ ಹಚ್ಚಿ, ಬ್ರಷ್ಷಿನಿಂದ ತಿಕ್ಕಿ, ತಕ್ಷಣ ನೀರನ್ನು ಹೀರುತ್ತಾರೆ. ಹೀರದೆ ಬಿಟ್ಟರೆ ಸ್ಪಂಜು ಒಳಗೇ ಒದ್ದೆ, ಮೇಲೆ ಕಂದು ಕಲೆಯ ವೃತ್ತ. ಮಂಗಳೂರು, ಮಲೆನಾಡಿನ ಮಳೆಗಾಲದಲ್ಲಿ ಈ ಸಾಹಸ ಬೇಡ, ಬೂಷ್ಟು ಖಚಿತ. ಏನೇ ಮಾಡುವ ಮೊದಲು ಕುಶನ್ನಿನಡಿಯ ಚೀಟಿ ನೋಡಿ. ಅದರಲ್ಲಿ ಡಬ್ಲ್ಯೂ ಎಂದಿದ್ದರೆ ನೀರು ಆಗಬಹುದು, ಎಸ್ ಎಂದಿದ್ದರೆ ನೀರಿಲ್ಲದ ದ್ರಾವಕ ಮಾತ್ರ. ಎಕ್ಸ್ ಎಂದಿದ್ದರೆ ಎರಡೂ ಬೇಡ, ಬರೀ ವ್ಯಾಕ್ಯೂಮ್.