ದಿಗಂತವನ್ನು ಒಂದೇ ಪಟದಲ್ಲಿ ಹಿಡಿಯಬಹುದೆ?

ಕೊಟ್ಟಿಗೆಹಾರವನ್ನು ಬಿಟ್ಟು ಚಾರ್ಮಾಡಿಯ ಕಡೆಗೆ ಇಳಿಯತೊಡಗಿದ ಕೂಡಲೆ ಮೋಟಾರು ಸೈಕಲ್ಲಿನ ಸವಾರನಿಗೆ ಬಸ್ಸಿನ ಪ್ರಯಾಣಿಕನಿಗಿಲ್ಲದ ಒಂದು ಭಾಗ್ಯ ದೊರೆಯುತ್ತದೆ. ಬಸ್ಸಿನಲ್ಲಿ ಕುಳಿತವನು ಕಿಟಕಿಯ ಚೌಕಟ್ಟಿನೊಳಗೆ ಬಂದಷ್ಟನ್ನು ಮಾತ್ರ ಕಾಣುವನು. ಸವಾರನಿಗಾದರೋ ಚೌಕಟ್ಟೇ ಇಲ್ಲ. ಒಂದು ಪಕ್ಕದಲ್ಲಿ ನೀರು ಒಸರುವ ಬಂಡೆಯ ಗೋಡೆ, ಇನ್ನೊಂದು ಪಕ್ಕದಲ್ಲಿ ತಳ ಕಾಣದ ಕಣಿವೆ, ಅದರಾಚೆ ಒಂದರ ಹಿಂದೊಂದು ನಿಂತ ಬೆಟ್ಟದ ಸಾಲುಗಳು. ಬಂಡಿಯನ್ನು ನಿಲ್ಲಿಸಿ, ಕ್ಯಾಮರವನ್ನು ಹೊರತೆಗೆದು, ಒಂದು ಚಿತ್ರವನ್ನು ಹಿಡಿದು ಅವನು ಸಂತೋಷದಿಂದ ಮನೆಗೆ ಮರಳುತ್ತಾನೆ. ಅಲ್ಲಿ ಚಿತ್ರವನ್ನು ನೋಡಿದಾಗ ‘ನಾವು ಕಂಡದ್ದು ಇಷ್ಟೇಯೆ?’ ಎಂದು ಮುಖ ಬಾಡುವುದು. ಹವ್ಯಾಸಿ ಛಾಯಾಗ್ರಾಹಕರಲ್ಲಿ ಈ ನಿರಾಶೆಯನ್ನು ಅನುಭವಿಸದವರು ಇಲ್ಲವೆಂದೇ ಹೇಳಬೇಕು.

ಇದಕ್ಕೆ ಕಾರಣ ನಮ್ಮ ಕಣ್ಣಿನ ವ್ಯಾಪಾರದಲ್ಲಿದೆ. ಎರಡು ಕಣ್ಣುಗಳೂ ಸೇರಿ ಎಡದಿಂದ ಬಲಕ್ಕೆ ಸುಮಾರು ೧೮೦ ಡಿಗ್ರಿಗಳಷ್ಟು ಅಗಲವನ್ನು ಒಳಗೊಳ್ಳಬಲ್ಲುವಾದರೂ, ಅತಿ ಸ್ಪಷ್ಟವಾಗಿ ಕಾಣುವುದು ನಟ್ಟನಡುವಿನ ಒಂದೆರಡು ಡಿಗ್ರಿಗಳಷ್ಟು ಮಾತ್ರ. ಕಣ್ಣು ಅತ್ತಿತ್ತ ಹೊರಳಿ, ಕತ್ತು ತಿರುಗಿ, ತುಣುಕು ತುಣುಕಾಗಿ ತಂದದ್ದನ್ನು ಮಿದುಳು ನಮಗೆ ತಿಳಿಯದಂತೆಯೇ ಹೊಲಿದು ಒಂದಾಗಿಸುವುದು. ಕ್ಯಾಮರಕ್ಕೆ ಈ ವಿದ್ಯೆ ತಾನಾಗಿ ಬಾರದು. ೩೫ ಮಿಲಿಮೀಟರ್ ಫಿಲ್ಮಿನ ಕ್ಯಾಮರಕ್ಕೆ ೫೦ ಮಿಲಿಮೀಟರ್ ನಾಭಿದೂರದ ಮಸೂರವನ್ನು ಹಾಕಿದರೆ ಅಡ್ಡಗಲಕ್ಕೆ ಸಿಗುವುದು ಸುಮಾರು ೪೦ ಡಿಗ್ರಿ ಮಾತ್ರ. ಹೆಚ್ಚು ಅಗಲವನ್ನು ನುಂಗುವ ಮಸೂರಗಳೇನೋ ಉಂಟು; ಆದರೆ ಅವು ದೂರದ ಬೆಟ್ಟವನ್ನು ಗುಡ್ಡೆಯನ್ನಾಗಿಸಿ, ಕಾಲ ಬಳಿಯ ಕಲ್ಲನ್ನು ಬೆಟ್ಟವನ್ನಾಗಿಸಿ ತೋರಿಸುವುವು. ಆದ್ದರಿಂದ ಹಲವು ಚಿತ್ರಗಳನ್ನು ತೆಗೆದು ಜೋಡಿಸುವುದೇ ದಾರಿ. ಇದಕ್ಕೆ ಪನೋರಮಾ ಎಂದು ಹೆಸರು.

ಈ ಹೆಸರು ಛಾಯಾಗ್ರಹಣಕ್ಕಿಂತಲೂ ಹಳೆಯದು. ವರ್ತುಲಾಕಾರದ ಗೋಡೆಯ ಮೇಲೆ ಸುತ್ತಲಿನ ನೋಟವೆಲ್ಲವನ್ನೂ ಬರೆಯುವ ಕ್ರಮಕ್ಕೆ ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರನು ೧೭೮೭ರಲ್ಲಿ ಪೇಟೆಂಟನ್ನು ಪಡೆದನು. ‘ಎಲ್ಲ’ ಮತ್ತು ‘ನೋಟ’ ಎಂಬರ್ಥದ ಎರಡು ಗ್ರೀಕ್ ಮಾತುಗಳು ಸೇರಿ ಆ ಹೆಸರಾಯಿತು. ಲಂಡನ್ನಿನ ಜನ ಕಾಸು ಕೊಟ್ಟು ನೋಡಿದ ಇಂಥ ಬೃಹತ್ ಚಿತ್ರಗಳಲ್ಲಿ ಒಂದು ನಮ್ಮ ನಾಡಿನದೇ ಆಗಿತ್ತು. ೧೭೯೯ರಲ್ಲಿ ನಡೆದ ಶ್ರೀರಂಗಪಟ್ಟಣದ ಪತನವನ್ನು ಮರುವರ್ಷವೇ ರಾಬರ್ಟ್ ಕರ್ ಪೋರ್ಟರ್ ಎಂಬ, ೨೩ರ ಆಸುಪಾಸಿನ ತರುಣನು ಸುಮಾರು ೧೨೦ ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ನಿಲ್ಲಿಸಿದನು. ಅವನು ಕಾವೇರಿಯನ್ನು ಕಣ್ಣಾರೆ ಕಂಡವನೇ ಅಲ್ಲ!

ಕ್ಯಾಮರವನ್ನು ಹೊತ್ತು ನಮ್ಮ ಸೀಮೆಗೆ ಬಂದವರಲ್ಲಿ ಮೊದಲಿಗರ ಸಾಲಿನವನು ಮದ್ರಾಸ್ ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್. ೧೮೫೪ರ ಡಿಸೆಂಬರಿನಲ್ಲಿ ಅವನು ಬೇಲೂರು, ಹಳೇಬೀಡುಗಳ ದೇವಾಲಯಗಳ ಚಿತ್ರಗಳನ್ನು ತೆಗೆದನು. ೧೮೫೮ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಜಗತಿಯ ಸುತ್ತ ಓಡುವ ಶಾಸನವನ್ನು ದಾಖಲಿಸಬೇಕಾಗಿ ಬಂದಾಗ, ಒಂದು ಪಟದಲ್ಲಿ ಹಿಡಿಸದ ಆ ಸಾಲನ್ನು ೨೧ ಪಟಗಳಲ್ಲಿ ಹಿಡಿದು, ಅಂಟಿಸಿ, ಸುಮಾರು ೧೯ ಅಡಿ ಉದ್ದದ ಒಂದೇ ಚಿತ್ರವನ್ನಾಗಿ ಮಾಡಿದನು.

ಈಗ ಅಂಟಿಸುವ ಕೆಲಸ ಗಣಕಯಂತ್ರದ್ದು. ಎರಡು ಚಿತ್ರಗಳಲ್ಲಿಯೂ ಇರುವ ಒಂದೇ ಗುರುತುಗಳನ್ನು, ಚಿತ್ರ ಓರೆಯಾಗಿದ್ದರೂ ಹಿರಿದು ಕಿರಿದಾಗಿದ್ದರೂ, ಪತ್ತೆಹಚ್ಚುವ ಒಂದು ಗಣಿತಕ್ರಮವನ್ನು ಕೆನಡಾದ ಡೇವಿಡ್ ಲೋ ೧೯೯೯ರಲ್ಲಿ ಪ್ರಕಟಿಸಿದರು. ೨೦೦೩ರಲ್ಲಿ ಅವರೂ ಮ್ಯಾಥ್ಯೂ ಬ್ರೌನ್ ಅವರೂ ಕೂಡಿ, ಕಲಸಿಹಾಕಿದ ಚಿತ್ರಗಳ ರಾಶಿಯಿಂದ ಜೊತೆಗೂಡತಕ್ಕವನ್ನು ಯಂತ್ರವೇ ಆರಿಸಿ ಜೋಡಿಸುವಂತೆ ಮಾಡಿದರು. ಹೀಗಿರುವಾಗ ಮನುಷ್ಯನಿಗೆ ಕಲಿಯಲು ಏನು ಉಳಿಯಿತು ಎಂದು ತರುಣ ವಾಚಕರು ಕೇಳಬಹುದು. ನಾವೂ ಹಾಗೆಯೇ ಎಣಿಸಿದ್ದೆವು.

೨೦೧೮ರ ನವೆಂಬರಿನಲ್ಲಿ ಚಾರ್ಮಾಡಿಯ ಒಂದು ತಿರುವಿನ ಬಳಿ ನಿಂತು ನಾವು ಹತ್ತು ಚಿತ್ರಗಳನ್ನು ತೆಗೆದೆವು. ಎದುರಿಗೆ ಎರಡು ಮೀಟರ್ ದೂರದಲ್ಲಿ ರಸ್ತೆಯ ತಡೆಗೋಡೆ; ಅದರಾಚೆ ಕಾಡಿನ ಇಳಿಜಾರು; ಹಿಂದೆ ಬೆಟ್ಟಗಳು. ಜೋಡಿಸಿದ ಪಟದಲ್ಲಿ ಬೆಟ್ಟಗಳು ಅಂದವಾಗಿ ಕೂಡಿಕೊಂಡಿದ್ದರೂ ತಡೆಗೋಡೆ ಎರಡು ತುಂಡಾಗಿತ್ತು. ಯಂತ್ರವನ್ನು ಮತ್ತೆ ಮತ್ತೆ ಒತ್ತಾಯಿಸಿದ ಮೇಲೆ ಅದು ಗೋಡೆಯನ್ನು ಕೂಡಿಸಿತು. ಕೂಡಿಸುವುದಕ್ಕಾಗಿ ಹಿಂದಿನ ಇಳಿಜಾರನ್ನು ಎಳೆದು ತಿರುಚಿತೆಂಬುದನ್ನು ನಾವು ಆಗ ಗಮನಿಸಲಿಲ್ಲ. ಪಟ ಚೆನ್ನಾಗಿ ಬಂತೆಂದು ತೃಪ್ತಿಪಟ್ಟು, ಜಾಗ ಉಳಿಸುವ ಆಸೆಯಿಂದ ಬಿಡಿಚಿತ್ರಗಳನ್ನು ಅಳಿಸಿಬಿಟ್ಟೆವು.

ಗೋಡೆ ತುಂಡಾದುದೇಕೆ? ತೋರುಬೆರಳನ್ನು ಮುಖದೆದುರು ಹಿಡಿದು, ಒಂದು ಕಣ್ಣನ್ನು ಮುಚ್ಚಿ, ತಲೆಯನ್ನು ಕೊಂಚ ಪಕ್ಕಕ್ಕೆ ಸರಿಸಿ ನೋಡಿ. ಬೆರಳು ದೂರದ ಮರವನ್ನು ದಾಟಿ ಓಡುವುದು. ಕ್ಯಾಮರವನ್ನು ಹಿಡಿದು ನಾವು ಮೈ ತಿರುಗಿಸಿದಾಗ ಮಸೂರವೂ ಹೀಗೆ ಪಕ್ಕಕ್ಕೆ ಸರಿಯುತ್ತದೆ. ಅದು ೫ ಸೆಂಟಿಮೀಟರ್ ಸರಿಯಿತೆನ್ನೋಣ. ಎರಡು ಮೀಟರ್ ದೂರದ ಗೋಡೆ ಆಗ ಸುಮಾರು ಒಂದೂವರೆ ಡಿಗ್ರಿಯಷ್ಟು ಕದಲಿದಂತೆ ತೋರುವುದು. ೨೭ ಡಿಗ್ರಿ ಅಗಲದ ಚಿತ್ರದಲ್ಲಿ ೪,೦೦೦ ಬಿಂದುಗಳಿದ್ದರೆ ಇದು ೨೦೦ಕ್ಕೂ ಹೆಚ್ಚು ಬಿಂದುಗಳ ವ್ಯತ್ಯಾಸ. ಐದು ಕಿಲೋಮೀಟರ್ ಆಚೆಯ ಬೆಟ್ಟವಾದರೋ ಒಂದು ಬಿಂದುವಿನ ಹತ್ತನೆಯ ಒಂದು ಪಾಲಿನಷ್ಟೂ ಕದಲದು. ಎರಡನ್ನೂ ಏಕಕಾಲಕ್ಕೆ ಹೊಂದಿಸುವುದು ಯಾವ ಯಂತ್ರಕ್ಕೂ ಅಸಾಧ್ಯ. ಮಸೂರವನ್ನು ಮುಂದಿನಿಂದ ನೋಡಿದಾಗ ಅದರೊಳಗೆ ಒಂದು ಕಿಂಡಿ ಕಾಣುವುದಲ್ಲವೆ? ಆ ಕಿಂಡಿ ತೋರುವ ಸ್ಥಾನವನ್ನೇ ಅಚ್ಚನ್ನಾಗಿಟ್ಟುಕೊಂಡು ಕ್ಯಾಮರವನ್ನು ತಿರುಗಿಸಿದರೆ ಈ ದೋಷ ಮಾಯವಾಗುವುದು. ಮುಕ್ಕಾಲಿ ಸ್ಟ್ಯಾಂಡಿನ ಮೇಲೆ ಕ್ಯಾಮರವನ್ನು ಹಿಂದೆ ಮುಂದೆ ಸರಿಸಿ, ಹತ್ತಿರದ ಒಂದು ಕಡ್ಡಿಯೂ ದೂರದ ಒಂದು ಕಂಬವೂ ತಿರುಗಿಸುವಾಗ ಒಂದನ್ನೊಂದು ಬಿಟ್ಟಗಲದ ಸ್ಥಾನವನ್ನು ಮನೆಯಲ್ಲಿಯೇ ಕಂಡುಹಿಡಿದು ಗುರುತು ಹಾಕಿಕೊಳ್ಳಬಹುದು. ಅದಿಲ್ಲದವರು ಹತ್ತಿರದ ವಸ್ತುಗಳನ್ನು ಪಟಕ್ಕೆ ಸೇರಿಸದಿದ್ದರೆ ಸಾಕು.

ಕ್ಯಾಮರವನ್ನು ಉದ್ದುದ್ದವಾಗಿ ನಿಲ್ಲಿಸಿ, ಒಂದೊಂದು ಚಿತ್ರವೂ ಹಿಂದಿನದರ ಮೂರನೆಯ ಒಂದು ಭಾಗವನ್ನು ಒಳಗೊಳ್ಳುವಂತೆ ತೆಗೆಯಬೇಕು. ೫೦ ಮಿಲಿಮೀಟರ್ ಮಸೂರದಿಂದ ಅರ್ಧ ದಿಗಂತಕ್ಕೆ ಹತ್ತು ಚಿತ್ರಗಳು ಬೇಕಾಗುವುವು. ಬೆಳಕಿನ ಪ್ರಮಾಣವನ್ನು ಕ್ಯಾಮರದ ಇಚ್ಛೆಗೆ ಬಿಡಕೂಡದು. ಬಿಟ್ಟರೆ ಸೂರ್ಯನ ಕಡೆಯ ಚಿತ್ರ ಕಪ್ಪಾಗಿ, ಅದರ ಎದುರಿನದು ಬಿಳುಪಾಗಿ, ಆಕಾಶವು ಪಟ್ಟೆಪಟ್ಟೆಯ ಜಮಖಾನದಂತಾಗುವುದು.

ಕಿಸೆಯ ದೂರವಾಣಿಯಲ್ಲಿರುವ ಕ್ಯಾಮರ ಬೇರೆ ಉಪಾಯ ಹೂಡುತ್ತದೆ. ನಾವು ಅದನ್ನು ಮೆಲ್ಲನೆ ತಿರುಗಿಸುತ್ತಿರುವಾಗ ಕಿರಿದಾದ ಲಂಬ ಪಟ್ಟಿಗಳನ್ನು ಒಂದಾದ ಮೇಲೊಂದು ತೆಗೆದು ಸೇರಿಸುತ್ತದೆ. ೧೯೦೪ರಲ್ಲಿ ಅಮೆರಿಕದಲ್ಲಿ ಪೇಟೆಂಟಾದ ಸರ್ಕಟ್ ಎಂಬ ಕ್ಯಾಮರದ್ದೂ ಇದೇ ತತ್ತ್ವ: ಕ್ಯಾಮರವೂ ತಿರುಗುವುದು, ಒಳಗಿನ ಫಿಲ್ಮೂ ಸರಿಯುವುದು. ಶಾಲೆಯ ಸಮೂಹಚಿತ್ರ ತೆಗೆಯುವಾಗ ತುಂಟ ಹುಡುಗನೊಬ್ಬ ಒಂದು ತುದಿಯಲ್ಲಿ ನಿಂತಿದ್ದು, ಹಿಂದಿನಿಂದ ಓಡಿ, ಇನ್ನೊಂದು ತುದಿಯಲ್ಲೂ ನಿಂತು, ಪಟದಲ್ಲಿ ಎರಡು ಬಾರಿ ಮೂಡುತ್ತಿದ್ದುದುಂಟು. ಪಟದ ಎಡಭಾಗ ಮತ್ತು ಬಲಭಾಗ ಒಂದೇ ಕ್ಷಣದವಲ್ಲ. ಆದ್ದರಿಂದಲೇ ಕ್ಯಾಮರ ತಿರುಗುವ ದಿಕ್ಕಿನಲ್ಲಿ ಹೋಗುತ್ತಿರುವ ಬಸ್ಸು ರೈಲಿನಂತೆ ಉದ್ದವಾಗಿಯೂ, ಎದುರು ಬರುವ ಬಸ್ಸು ಆಟೋರಿಕ್ಷಾದಂತೆ ಮೋಟಾಗಿಯೂ ಕಾಣುವುದು.

ಮೋಟಾರು ಸೈಕಲ್ಲಿನ ಕಂಪನವನ್ನು ಮರೆಯುವಂತಿಲ್ಲ. ನಮ್ಮದು ಮೈಸೂರಿನ ಕಾರ್ಖಾನೆಯ ಹಳೆಯ ಯೆಜ್ಡಿ. ಅಲ್ಲಿ ೧೯೬೧ರಿಂದ ಜಾವಾ, ಬಳಿಕ ಯೆಜ್ಡಿ ಎಂಬ ಹೆಸರಿನಲ್ಲಿ ತಯಾರಾಗುತ್ತಿದ್ದ ಬಂಡಿಗಳು ೧೯೯೬ಕ್ಕೆ ನಿಂತುಹೋದುವು. ಅದರ ಒಂಟಿ ಸಿಲಿಂಡರಿನ ಎಂಜಿನು ನಿಮಿಷಕ್ಕೆ ೩,೦೦೦ ಸುತ್ತು ತಿರುಗುವಾಗ ಪಿಸ್ಟನ್ನು ಸೆಕೆಂಡಿಗೆ ೫೦ ಸಲ ಮೇಲೆ ಕೆಳಗೆ ಬಡಿಯುತ್ತದೆ. ಇಂದಿನ ಅನೇಕ ದೂರವಾಣಿಗಳ ಮಸೂರವು ಕೈನಡುಕವನ್ನು ಸರಿದೂಗಿಸಲೆಂದು ಅಯಸ್ಕಾಂತಗಳ ನಡುವೆ ತೂಗಿಕೊಂಡಿರುವುದು. ಪ್ರಬಲವಾದ ಮೋಟಾರು ಸೈಕಲ್ಲಿನ ಹಿಡಿಗೆ ದೂರವಾಣಿಯನ್ನು ನೇರವಾಗಿ ಬಿಗಿದರೆ ಈ ಏರ್ಪಾಡು ಕೆಡಬಹುದೆಂದು ಆಪಲ್ ಸಂಸ್ಥೆಯೇ ೨೦೨೧ರಲ್ಲಿ ಎಚ್ಚರಿಕೆ ಕೊಟ್ಟಿತು. ಕ್ಯಾಮರಕ್ಕೆ ಸವಾರನ ಬೆನ್ನಿನ ಚೀಲವೇ ಲೇಸು. ನಮ್ಮ ಮಾಂಸಖಂಡಗಳಿಗಿಂತ ಒಳ್ಳೆಯ ಸ್ಪ್ರಿಂಗು ಸಿಗದು.

ಇನ್ನು ಬೆಟ್ಟಗಳ ನೀಲಿ. ಹತ್ತಿರದ ಸಾಲು ಹಸುರು, ಅದರಾಚೆಯದು ನೀಲಿ, ಅದರಾಚೆಯದು ಆಕಾಶದೊಡನೆ ಬೆರೆತ ಮಸುಕು. ಮರಗಳು ಎಲ್ಲೆಡೆಯೂ ಹಸುರೇ. ನೀಲಿ ಇರುವುದು ನಡುವಣ ಗಾಳಿಯಲ್ಲಿ. ಗಾಳಿಯ ಅಣುಗಳು ಕೆಂಪಿಗಿಂತ ನೀಲಿಯನ್ನು ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ಚದರಿಸುತ್ತವೆ. ಧೂಳೂ ನೀರಿನ ಹನಿಗಳೂ ಎಲ್ಲ ಬಣ್ಣಗಳನ್ನೂ ಸಮವಾಗಿ ಚದರಿಸಿ ಬಿಳಿಯ ಮಬ್ಬನ್ನು ಕವಿಸುತ್ತವೆ. ಸುಮಾರು ೧,೯೩೦ ಮೀಟರ್ ಎತ್ತರದ ಮುಳ್ಳಯ್ಯನಗಿರಿಯಿಂದ ಲೆಕ್ಕದ ಪ್ರಕಾರ ೧೫೫ ಕಿಲೋಮೀಟರಿಗೂ ಆಚೆ ದಿಗಂತವಿರಬೇಕು. ಕಡಲ ಕರೆ ಅಷ್ಟು ದೂರವೂ ಇಲ್ಲ. ಆದರೆ ನಡುವೆ ಬೆಟ್ಟಗಳೂ ಮಬ್ಬೂ ಅಡ್ಡ ಬರುವುವು. ಮಳೆ ಗಾಳಿಯನ್ನು ತೊಳೆದ ಮರುದಿನ ಬೆಳಗ್ಗೆ ಹೋಗಬೇಕು. ಆಕಾಶವನ್ನು ಕಡುನೀಲಿಯಾಗಿಸುವ ಧ್ರುವಕ ಶೋಧಕವನ್ನು ಪನೋರಮಾಕ್ಕೆ ಬಳಸಬಾರದು. ಅದರ ಪರಿಣಾಮ ಸೂರ್ಯನಿಂದ ೯೦ ಡಿಗ್ರಿ ದೂರದಲ್ಲಿ ಅತ್ಯಧಿಕವಾಗಿ, ಉಳಿದೆಡೆ ಕಡಿಮೆಯಾಗಿ, ಪಟದ ನಡುವೆ ಮಸಿಯ ಕಲೆಯೊಂದು ಏಳುವುದು.

ಬಂಡಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದೂ ಒಂದು ಮಾತು. ಆ ೨೦೧೮ರ ದಿನ ನಾವು ತಿರುವಿಗೆ ತೀರ ಹತ್ತಿರದಲ್ಲಿ ನಿಲ್ಲಿಸಿದ್ದೆವು. ಮೇಲಿನಿಂದ ಇಳಿದ ಲಾರಿಯೊಂದು ಗೇಣಿನ ಅಂತರದಲ್ಲಿ ಸರಿದುಹೋಯಿತು. “ಏನ್ ಸ್ವಾಮಿ, ಸಾಯೋಕೆ ಬೇರೆ ಜಾಗ ಸಿಗಲಿಲ್ವಾ?” ಎಂದ ಚಾಲಕನಿಗೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ. ಈಗ ನೇರ ರಸ್ತೆಯಲ್ಲಿ ನಿಲ್ಲಿಸಿ, ನಡೆದೇ ಬರುತ್ತೇವೆ.

೨೦೧೯ರ ಆಗಸ್ಟಿನ ಭಾರಿ ಮಳೆಗೆ ಚಾರ್ಮಾಡಿ ಘಟ್ಟದ ಹಲವೆಡೆ ಗುಡ್ಡ ಕುಸಿದು ಸಂಚಾರ ನಿಂತಿತು. ಕೆಲವು ತಿಂಗಳ ಮೇಲೆ ಭೂವಿಜ್ಞಾನದ ಅಧ್ಯಾಪಕರಾದ ಮಿತ್ರರೊಬ್ಬರು, ಕುಸಿತಕ್ಕೆ ಮುಂಚಿನ ಇಳಿಜಾರಿನ ಚಿತ್ರವೇನಾದರೂ ನಿಮ್ಮಲ್ಲಿ ಇದೆಯೇ ಎಂದು ಕೇಳಿದರು. ಒಂದೇ ಸ್ಥಾನದಿಂದ ವರ್ಷಗಳ ಅಂತರದಲ್ಲಿ ತೆಗೆದ ಚಿತ್ರಗಳನ್ನು ಹೋಲಿಸುವುದು ಹಳೆಯ ವಿಜ್ಞಾನಕ್ರಮ. ಬವೇರಿಯದ ಗಣಿತಜ್ಞ ಸೆಬಾಸ್ಟಿಯನ್ ಫಿನ್‌ಸ್ಟರ್‌ವಾಲ್ಡರ್ ೧೮೮೦ರ ದಶಕದ ಕೊನೆಯಲ್ಲಿಯೇ ಆಲ್ಪ್ಸ್ ಪರ್ವತಗಳ ಹಿಮನದಿಗಳನ್ನು ಹೀಗೆ ಅಳೆಯತೊಡಗಿದ್ದನು. ನಾವು ಹೆಮ್ಮೆಯಿಂದ ನಮ್ಮ ಪಟವನ್ನು ಕೊಟ್ಟೆವು. ಮಿತ್ರರು ಅಳತೆಪಟ್ಟಿಯನ್ನಿಟ್ಟು ನೋಡಿ, “ಇಲ್ಲಿ ನಿಮ್ಮ ಯಂತ್ರವೇ ಗುಡ್ಡ ಕುಸಿಸಿದೆಯಲ್ಲ!” ಎಂದರು. ತಡೆಗೋಡೆಯನ್ನು ಕೂಡಿಸಲು ತಿರುಚಿದ್ದ ಭಾಗವೇ ಅವರಿಗೆ ಬೇಕಾದ ಇಳಿಜಾರಾಗಿತ್ತು.

ಬಂಧುಗಳೊಬ್ಬರಿಗೆ ಹಿಂದೆ ಕಳುಹಿಸಿದ್ದ ಒಂದೇ ಒಂದು ಬಿಡಿಚಿತ್ರ ಉಳಿದಿತ್ತು. ಅದನ್ನು ಹಿಡಿದು ಮರಳಿ ಘಟ್ಟಕ್ಕೆ ಹೋದೆವು. ಮೊದಲು ಕೆಡಿಸಿದ ತತ್ತ್ವವೇ ಈ ಸಲ ನೆರವಾಯಿತು. ಹತ್ತಿರದ ಬಂಡೆಯ ಮೂಲೆಯೂ ದೂರದ ಶಿಖರವೂ ಚಿತ್ರದಲ್ಲಿದ್ದಂತೆಯೇ ಒಂದರ ಮೇಲೊಂದು ಬರುವವರೆಗೆ ಪಕ್ಕಕ್ಕೆ ಸರಿದೆವು. ಅಂಥ ಇನ್ನೊಂದು ಜೋಡಿಯನ್ನು ಹೊಂದಿಸಿದೆವು. ಎರಡು ಗೆರೆಗಳು ಕೂಡಿದಲ್ಲಿ ಹಳೆಯ ನಿಲುವಿನ ಜಾಗ ಅಂಗೈ ಅಗಲಕ್ಕೆ ಸಿಕ್ಕಿತು. ಅಲ್ಲಿ ಮುಕ್ಕಾಲಿಯನ್ನು ನಿಲ್ಲಿಸಿ, ತಡೆಗೋಡೆಗಿಂತ ಮೇಲಕ್ಕೆ ಕ್ಯಾಮರವನ್ನು ಎತ್ತಿ, ಹತ್ತು ಚಿತ್ರಗಳನ್ನು ತೆಗೆದೆವು. ಈಗ ಪ್ರತಿ ನವೆಂಬರಿನಲ್ಲಿಯೂ ಅದೇ ಜಾಗದಿಂದ ತೆಗೆಯುತ್ತಿದ್ದೇವೆ. ಬಿಡಿಚಿತ್ರಗಳು, ತಾರೀಕು, ಕ್ಯಾಮರದ ಎತ್ತರ ಇವೆಲ್ಲವೂ ಮಿತ್ರರ ಬಳಿ ಒಂದು ಪ್ರತಿ, ನಮ್ಮಲ್ಲಿ ಒಂದು ಪ್ರತಿ ಇವೆ. ಉಳಿದಿದ್ದ ಆ ಬಿಡಿಚಿತ್ರದಲ್ಲಿ ಬಂಡೆಯಿದೆ, ಶಿಖರವಿದೆ. ಇಳಿಜಾರು ಮಾತ್ರ ಅದರ ಚೌಕಟ್ಟಿನಿಂದ ಆಚೆಗಿದೆ.